ನ್ಯೂಜೆರ್ಸಿ ಹಿತ್ತಲು: ಮೊದಲ ವರ್ಷ ಏನು ಬಿತ್ತಬೇಕು, ಯಾವಾಗ

ಯುಗಾದಿ ಹೊತ್ತಿಗೆ ಎಡಿಸನ್, ಪ್ಲೇನ್ಸ್‌ಬರೊ ಕಡೆ ನಾಲ್ಕು ದಿನ ಬಿಸಿಲು ಕಂಡರೂ ಮಣ್ಣು ತಣ್ಣಗೇ ಇರುತ್ತದೆ. ಆಗ ಹಾಕಿದ ಬೆಂಡೆ ಬೀಜ ಮೊಳೆಯುವುದಿಲ್ಲ, ಕೊಳೆಯುತ್ತದೆ. ಮಧ್ಯ ಜೆರ್ಸಿಯಲ್ಲಿ ಕೊನೆಯ ಫ್ರಾಸ್ಟ್ (ಎಳೆ ಗಿಡಗಳನ್ನು ಸುಡುವ ಹಿಮಗಟ್ಟುವ ಚಳಿ) ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ. ಮುಂದಿನದು ಅಕ್ಟೋಬರ್ ಮಧ್ಯದ ಆಚೀಚೆ. ಊರಿನ ಕಾಯಿಪಲ್ಲೆಯೆಲ್ಲ ಈ ಐದೂವರೆ ತಿಂಗಳೊಳಗೆ ಮುಗಿಯಬೇಕು.

ಜಾಗವನ್ನು ಏಪ್ರಿಲ್‌ನಲ್ಲಿ ನೋಡಿ ನಂಬಬೇಡಿ. ಮೇಪಲ್ ಮರ ಬೋಳಾಗಿದ್ದಾಗ ಹಿತ್ತಲೆಲ್ಲ ಬಿಸಿಲೇ. ಎಲೆ ಬಂದ ಮೇಲೆ ಅದೇ ಜಾಗ ನೆರಳು. ಜೂನ್‌ನಲ್ಲೂ ದಿನಕ್ಕೆ 6 ರಿಂದ 8 ಗಂಟೆ ಬಿಸಿಲು ಬೇಕು. ಕಪ್ಪು ವಾಲ್‌ನಟ್ ಮರ ಹತ್ತಿರವಿದ್ದರೆ ಟೊಮೆಟೊ, ಬದನೆ, ಮೆಣಸಿನ ಗಿಡ ಬಾಡಿ ಸಾಯುತ್ತವೆ, ಎಷ್ಟು ನೀರು ಹಾಕಿದರೂ ಅಷ್ಟೇ. ಹೊಸ ಬಡಾವಣೆಗಳಲ್ಲಿ ಮೇಲ್ಮಣ್ಣು ಕೆರೆದು, ಕೆಳಗಿನದನ್ನು ಯಂತ್ರಗಳು ಗಟ್ಟಿ ಮಾಡಿರುತ್ತವೆ. ಅಲ್ಲಿ ರೈಸ್ಡ್ ಬೆಡ್ಡೇ ಸರಿ, ಅಂದರೆ ಚೌಕಟ್ಟು ಕಟ್ಟಿ ಮಣ್ಣು ತುಂಬಿದ ಎತ್ತರದ ಪಾತಿ. 4 ಅಡಿ ಅಗಲ, 8 ಅಡಿ ಉದ್ದ, 10 ಇಂಚು ಎತ್ತರದ ಬೆಡ್ಡಿಗೆ ಒಂದು ಕ್ಯೂಬಿಕ್ ಯಾರ್ಡ್ ಮಣ್ಣು ಸಾಕು. ನೆಲದಲ್ಲೇ ಬೆಳೆಯುವವರು ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. 1978ಕ್ಕಿಂತ ಹಳೆಯ ಮನೆಯಾದರೆ ಗೋಡೆಯ ಬಣ್ಣದಿಂದ ಉದುರಿದ ಸೀಸವನ್ನೂ ಪರೀಕ್ಷಿಸಲು ಹೇಳಿ.

ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿಗೆ ಚಳಿ ಅಡ್ಡಿಯಿಲ್ಲ. ಏಪ್ರಿಲ್ ಮೊದಲಲ್ಲೇ ಚೆಲ್ಲಿ. ಜೂನ್ ಸೆಕೆಗೆ ಇವು ಹೂಬಿಟ್ಟು ಕೈಕೊಡುತ್ತವೆ. ಆ ಜಾಗಕ್ಕೆ ದಂಟು, ಹರಿವೆ ಹಾಕಿ, ಆಗಸ್ಟ್ ಕೊನೆಗೆ ಮತ್ತೆ ಮೆಂತ್ಯ.

ಬದನೆ, ಮೆಣಸಿನಕಾಯಿ ಬೀಜವನ್ನು ಮಾರ್ಚ್ ಮೊದಲ ವಾರ ಮನೆಯೊಳಗೆ ಟ್ರೇಯಲ್ಲಿ ಹಾಕಬೇಕು, ಟೊಮೆಟೊ ಎರಡು ವಾರ ತಡವಾಗಿ. ಕಿಟಕಿ ಬೆಳಕು ಸಾಲದೆ ಸಸಿ ತೆಳ್ಳಗೆ ಉದ್ದವಾಗುತ್ತದೆ. ಎರಡು ಮೂರು ಇಂಚು ಮೇಲೆ ಟ್ಯೂಬ್‌ಲೈಟ್ ತೂಗುಹಾಕಿ. ನೆಲಕ್ಕಿಳಿಸುವುದು ಮೇ ಮಧ್ಯದ ನಂತರವೇ. ಅದಕ್ಕೆ ಮುಂಚೆ ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿಟ್ಟು ರೂಢಿ ಮಾಡಿಸದಿದ್ದರೆ ಎಲೆ ಬಿಸಿಲಿಗೆ ಬೆಳ್ಳಗೆ ಸುಡುತ್ತದೆ. ಬದನೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಅದು ಫ್ಲೀ ಬೀಟಲ್ ಎಂಬ ಪುಟ್ಟ ಜೀರುಂಡೆಯ ಕೆಲಸ; ನೆಟ್ಟ ದಿನವೇ ತೆಳು ಬಟ್ಟೆ ಹೊದಿಸಿ, ಹೂ ಬಂದಾಗ ತೆಗೆಯಿರಿ.

ಬೆಂಡೆ, ಅಲಸಂದೆಯನ್ನು ಮೇ ಕೊನೆಗೆ ನೇರ ನೆಲಕ್ಕೆ ಹಾಕಿ. ಎರಡೇ ಬೆಂಡೆ ಗಿಡ ಇಟ್ಟರೆ ಹುಳಿಗೆ ಸಾಲುವಷ್ಟು ಒಟ್ಟಿಗೆ ಸಿಗುವುದೇ ಇಲ್ಲ. ನಾಲ್ಕು ಜನಕ್ಕೆ ಹತ್ತು ಹನ್ನೆರಡು ಗಿಡ ಬೇಕು. ಸೋರೆ ಮಾತ್ರ ಒಂದೇ ಬಳ್ಳಿ ಸಾಕು, ನೆಂಟರಿಗೂ ಆಗುತ್ತದೆ. ಹೀರೆ, ಹಾಗಲ, ಸೋರೆ ಬೀಜವನ್ನು ರಾತ್ರಿಯಿಡೀ ನೆನೆಸಿ, ಏಪ್ರಿಲ್ ಕೊನೆಗೆ ಮನೆಯೊಳಗೆ ಕಾಗದದ ಕುಂಡದಲ್ಲಿ ಹಾಕಿ, ಮೇ ಮಧ್ಯದ ನಂತರ ಕುಂಡದ ಸಮೇತ ನೆಡಿ. ಬೇರು ಅಲುಗಿದರೆ ಅವು ತಿಂಗಳು ಮುನಿಸಿಕೊಳ್ಳುತ್ತವೆ. ಚಪ್ಪರ ಉತ್ತರದ ಬದಿಗಿರಲಿ. ಗೊಬ್ಬರ ಅತಿಯಾದರೆ ಬರೀ ಬಳ್ಳಿ, ಗಂಡುಹೂವು. ಸೋರೆ, ಹೀರೆ ಹೂ ಅರಳುವುದು ಸಂಜೆ. ಆಗ ಜೇನ್ನೊಣ ಇರುವುದಿಲ್ಲ. ಎಳೆಗಾಯಿ ಹಳದಿಯಾಗಿ ಉದುರುತ್ತಿದ್ದರೆ ಮುಸ್ಸಂಜೆ ನೀವೇ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಸವರಿ.

ಇನ್ನು ಎಲ್ಲರೂ ಕೇಳುವ ಅವರೆ. ಅಂಗಡಿಯ ಒಣ ಅವರೆಕಾಳು ಚೆನ್ನಾಗಿಯೇ ಮೊಳೆತು ಬೇಲಿ ತುಂಬುತ್ತದೆ. ಆದರೆ ನಾಟಿ ಅವರೆ ಹೂ ಬಿಡಲು ಹಗಲು ಕುಗ್ಗಬೇಕು. ಇಲ್ಲಿ ಜೂನ್ ಹಗಲು 15 ಗಂಟೆ. ಸೆಪ್ಟೆಂಬರ್‌ನಲ್ಲಿ ಹೂ, ಕಾಳು ಬಲಿಯುವ ಮುಂಚೆಯೇ ಫ್ರಾಸ್ಟ್. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, 4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ಸುಮಾರು 100 ದಿನದ ಬೆಳೆ; ಮೇ ಕೊನೆಗೆ ಬಿತ್ತಿದರೆ ಸೆಪ್ಟೆಂಬರ್‌ಗೆ ಸಿಗುತ್ತದೆ. ಹಾಗೆಂದು ಸೂಟ್‌ಕೇಸಿನಲ್ಲಿ ಬೀಜ ಅಡಗಿಸಿ ತರಬೇಡಿ. ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದ ಬಿತ್ತನೆ ಬೀಜವನ್ನು ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ, ಘೋಷಿಸದಿದ್ದರೆ ದಂಡವೂ ಬೀಳಬಹುದು.