ಹೊಗೆ ಕಾಣದ ಒಲೆಗೂ ಗಾಳಿಯ ದಾರಿ ಬೇಕು

ಆಟಿ ತಿಂಗಳ ಒಂದು ಬೆಳಿಗ್ಗೆ. ಅಂಗಳದಾಚೆಯ ಅಡಿಕೆ ಮರಗಳೇ ಕಾಣದಷ್ಟು ಮಳೆ. ಎರಚಲು ಬರುತ್ತದೆ ಎಂದು ಅಡುಗೆಮನೆಯ ಕಿಟಕಿ, ಬಾಗಿಲು ಎಲ್ಲ ಮುಚ್ಚಿದ್ದೆ. ಗ್ಯಾಸಿನ ಒಂದು ಒಲೆಯಲ್ಲಿ ಪತ್ರೊಡೆಯ ಅಟ್ಟಿನಳಗೆ, ಇನ್ನೊಂದರಲ್ಲಿ ಕುಚ್ಚಲಕ್ಕಿ ಅನ್ನ. ಎರಡೂ ಬೇಗ ಬೇಯುವ ಪೈಕಿ ಅಲ್ಲ. ಮುಕ್ಕಾಲು ಗಂಟೆ ಆಗುವಾಗ ಕಣ್ಣು ಚುರುಚುರು, ಗಂಟಲಲ್ಲಿ ಕೆರೆತ. ಒಳಗೆ ಬಂದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದರು: “ಹೊಗೆಯೇ ಇಲ್ಲದ ಒಲೆ, ಮತ್ತೆ ಕಣ್ಣುರಿ ಎಂತಕ್ಕೆ?”

ಪ್ರಶ್ನೆ ಸರಿ ಉಂಟು. ಇದೇ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ಜಗಳವೇ ಆಗಿಹೋಯಿತು. 2022ರ ಕೊನೆಗೆ ಬಂದ ಒಂದು ಅಧ್ಯಯನ, ಅಲ್ಲಿನ ಮಕ್ಕಳ ಆಸ್ತಮಾದಲ್ಲಿ ಶೇ 12.7ರಷ್ಟು ಗ್ಯಾಸ್ ಒಲೆಯ ಪಾಲು ಎಂದು ಲೆಕ್ಕ ಹಾಕಿತು. ಮರುತಿಂಗಳೇ, ಗ್ರಾಹಕ ವಸ್ತುಗಳ ಸುರಕ್ಷತೆ ನೋಡುವ ಆಯೋಗದ ಸದಸ್ಯ ರಿಚರ್ಡ್ ಟ್ರಮ್ಕಾ ಜೂನಿಯರ್ ನಿಷೇಧದ ಸುಳಿವು ಕೊಡುವಂತೆ ಮಾತಾಡಿದರು. ಊರೆಲ್ಲ ಗಲಾಟೆ. ಅಂಥ ಯೋಚನೆ ಇಲ್ಲ ಎಂದು ಆಯೋಗದ ಅಧ್ಯಕ್ಷರೇ ಹೇಳಬೇಕಾಯಿತು. ಎರಡೂ ಕಡೆಯವರ ಕೈಯಲ್ಲಿ ಕಾಗದ ಇತ್ತು. 2013ರಲ್ಲಿ 41 ಹಳೆಯ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು, ಗ್ಯಾಸಿನಲ್ಲಿ ಅಡುಗೆ ಮಾಡುವ ಮನೆಯ ಮಕ್ಕಳಿಗೆ ಆಸ್ತಮಾ ಇರುವ ಸಂಭವ ಶೇ 42ರಷ್ಟು ಜಾಸ್ತಿ ಎಂದರು. ಅದೇ ವರ್ಷ 47 ದೇಶಗಳ 5 ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದ ಇನ್ನೊಂದು ತಂಡಕ್ಕೆ ಗ್ಯಾಸಿಗೂ ಆಸ್ತಮಾಕ್ಕೂ ನಂಟು ಕಾಣಲಿಲ್ಲ. ತೆರೆದ ಬೆಂಕಿಯ ಅಡುಗೆಗೆ ಮಾತ್ರ ಕಂಡಿತು.

ಹಾಗಾದರೆ ನಾವು ಪುನಃ ಸೌದೆಗೆ ಹೋಗುವುದಾ? ಬೇಡವೇ ಬೇಡ. ಪಕ್ಕದ ತಮಿಳುನಾಡಿನ ವಿಲ್ಲುಪುರಂ, ನಾಗಪಟ್ಟಿಣಂ ಮತ್ತು ಬೇರೆ ಮೂರು ದೇಶಗಳಲ್ಲಿ ಸೇರಿ 3,200 ಗರ್ಭಿಣಿಯರ ಮೇಲೆ ಒಂದು ಪರೀಕ್ಷೆ ನಡೆಯಿತು. ಅರ್ಧದಷ್ಟು ಮಂದಿಗೆ ಗ್ಯಾಸ್ ಕೊಟ್ಟರು, ಉಳಿದವರು ಸೌದೆಯಲ್ಲೇ ಮುಂದುವರಿದರು. ಸೌದೆಯವರು ಉಸಿರಾಡುವ ಗಾಳಿಯಲ್ಲಿ ಸೂಕ್ಷ್ಮ ಕಣಗಳು ಘನ ಮೀಟರಿಗೆ ಸುಮಾರು 70 ಮೈಕ್ರೋಗ್ರಾಂ ಇದ್ದರೆ, ಗ್ಯಾಸಿನವರಿಗೆ ಸುಮಾರು 24. ಮಗುವಿನ ತೂಕದಲ್ಲಿ ಮಾತ್ರ ಹೇಳುವಂಥ ವ್ಯತ್ಯಾಸ ಆಗಲಿಲ್ಲ ಎನ್ನುವುದೂ ಅದೇ ಪರೀಕ್ಷೆಯ ಫಲ. ಆದರೆ ಗಾಳಿಯ ಮಟ್ಟಿಗೆ ಗ್ಯಾಸ್ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ.

ನಮ್ಮಲ್ಲಿ ಆದ ಎಡವಟ್ಟು ಬೇರೆ. ಹಳೆಯ ಹಂಚಿನ ಮನೆಯಲ್ಲಿ ಬೆಳಿಗ್ಗೆ ಒಲೆ ಹೊತ್ತಿಸಿದರೆ ಮಾಡಿನ ಸಂದಿಗಳಿಂದ ಹೊಗೆ ಏಳುವುದು ರಸ್ತೆಯಿಂದಲೇ ಕಾಣುತ್ತಿತ್ತು. ಒಳಗೆ ಇಲ್ಲಣ ಕಟ್ಟುತ್ತಿತ್ತು, ನಿಜ. ಆದರೂ ಗಾಳಿಗೆ ಹೋಗಲು ದಾರಿ ಇತ್ತು. ತಾರಸಿ ಮನೆ ಕಟ್ಟಿದೆವು, ಗ್ಯಾಸ್ ತಂದೆವು. ಹೊಗೆ ಇಲ್ಲವಲ್ಲ ಎಂದು ಆ ದಾರಿಯನ್ನೇ ಮುಚ್ಚಿದೆವು. ಜ್ವಾಲೆಯ ಬಿಸಿಗೆ ಗಾಳಿಯಲ್ಲೇ ಇರುವ ನೈಟ್ರೋಜನ್ ಮತ್ತು ಆಮ್ಲಜನಕ ಸೇರಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಕಣ್ಣಿಗೆ ಕಾಣದು, ಶ್ವಾಸನಾಳಕ್ಕೆ ಕಿರಿಕಿರಿ. ಅದು ಹುಟ್ಟುವುದು ಗಾಳಿಯಿಂದಲೇ ಆದ ಕಾರಣ ಎಷ್ಟು ದುಬಾರಿ ಒಲೆ ತಂದರೂ ತಪ್ಪುವುದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಹಾಕಿದ ಮಿತಿ ದಿನದ ಸರಾಸರಿ 25 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 80.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಊದುಬತ್ತಿ

ಉಪಕರಣ ಕೊಳ್ಳುವ ಮೊದಲು ಒಂದು ಊದುಬತ್ತಿ ಹಚ್ಚಿ. ದಿನಾ ಅಡುಗೆ ಮಾಡುವಾಗ ಕಿಟಕಿ, ಬಾಗಿಲು ಹೇಗಿರುತ್ತವೋ ಹಾಗೇ ಇರಲಿ. ಒಲೆ ಆರಿಸಿ, ಬತ್ತಿಯನ್ನು ಬರ್ನರಿನ ಮೇಲೆ ಒಂದು ಗೇಣು ಎತ್ತರಕ್ಕೆ ಹಿಡಿಯಿರಿ. ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ನೇರ ಮೇಲೆ ಹೋಗಿ ತಾರಸಿಯ ಕೆಳಗೆ ಹರಡಿ ನಿಂತರೆ, ನೀವು ಮಾಡಿದ ಅಡುಗೆಯ ಗಾಳಿಯೂ ಅಲ್ಲೇ ನಿಲ್ಲುತ್ತದೆ ಎಂದರ್ಥ. ನಮ್ಮ ಮನೆಯಲ್ಲಿ ಅದು ನಿಲ್ಲಲೂ ಇಲ್ಲ. ಸೀದಾ ಊಟದ ಕೋಣೆ ದಾಟಿ ಅಮ್ಮನ ಮಂಚದ ಕಡೆ ಹೊರಟಿತ್ತು!

ಫ್ಯಾನಿನ ಲೆಕ್ಕ

ಅಡುಗೆಮನೆಯ ಗಾಳಿ ಗಂಟೆಗೆ 15 ಸಲ ಬದಲಾದರೆ ಒಳ್ಳೆಯದು ಎನ್ನುವುದು ಸಾಮಾನ್ಯ ಲೆಕ್ಕ. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಎಂದರೆ 800 ಘನ ಅಡಿ. ಅದನ್ನು 15ರಿಂದ ಗುಣಿಸಿದರೆ 12,000. ಮೀಟರಿನಲ್ಲಿ ಹೇಳುವುದಾದರೆ ಗಂಟೆಗೆ ಸುಮಾರು 340 ಘನ ಮೀಟರ್. ಎಕ್ಸಾಸ್ಟ್ ಫ್ಯಾನಿನ ಡಬ್ಬದ ಮೇಲೆ ಈ ಅಂಕೆ ಬರೆದಿರುತ್ತದೆ, ಓದಿ ತನ್ನಿ.

ಅಂಕೆಗಿಂತ ಮುಖ್ಯ ಅದನ್ನು ಕೂರಿಸುವ ಜಾಗ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿ ಪಡುವಣದಿಂದ ಬಡಿಯುತ್ತದೆ. ಪಡುಗೋಡೆಗೆ ಫ್ಯಾನ್ ಹಾಕಿದರೆ ಜೋರು ಮಳೆಯ ದಿನ ಅದು ಗಾಳಿಯ ಜೊತೆ ಕುಸ್ತಿ ಆಡುತ್ತದೆ. ಸಾಧ್ಯವಾದರೆ ಮೂಡುಗೋಡೆ, ಒಲೆಯ ಹತ್ತಿರ, ಆದಷ್ಟು ಮೇಲೆ. ಇನ್ನೊಂದು ತಪ್ಪು ನಾನೇ ಎರಡು ವರ್ಷ ಮಾಡಿದ್ದು. ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಡುತ್ತಿದ್ದೆ. ಆ ಕಿಟಕಿಯಿಂದ ಬಂದ ಗಾಳಿಯನ್ನೇ ಫ್ಯಾನು ಹೊರಗೆ ತಳ್ಳುತ್ತಿತ್ತು, ಒಲೆಯ ಗಾಳಿ ಇದ್ದಲ್ಲೇ ಇತ್ತು. ಹತ್ತಿರದ್ದು ಮುಚ್ಚಿ, ಎದುರು ಬದಿಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಾಗ ಊದುಬತ್ತಿಯ ಹೊಗೆ ಸರ್ರನೆ ಫ್ಯಾನಿಗೆ ಓಡಿತು. ಆ ಕಿಟಕಿಗೆ ಹೊರಗಿನಿಂದ ಒಂದು ತಗಡಿನ ಮಾಡು ಇಳಿಸಿದ್ದೇವೆ, ಎರಚಲಿನ ಗೋಳು ಮುಗಿಯಿತು.

ಒಲೆ ಹೊತ್ತಿಸುವ ಮೊದಲೇ ಫ್ಯಾನ್ ಹಾಕಿ. ಆರಿಸಿದ ಮೇಲೂ ಹತ್ತು ನಿಮಿಷ ತಿರುಗಲಿ. ಚಿಮ್ನಿ ಹಾಕಿಸುವವರು ಪೈಪ್ ಹೊರಗೆ ಹೋಗುವಂಥದ್ದನ್ನೇ ಹಾಕಿಸಿ. ಪೈಪ್ ಇಲ್ಲದ್ದು ಎಣ್ಣೆ ಜಿಡ್ಡು ಹಿಡಿಯುತ್ತದೆ, ಗಾಳಿಯನ್ನು ಪುನಃ ಕೋಣೆಗೇ ಬಿಡುತ್ತದೆ.

ಜ್ವಾಲೆಯ ಬಣ್ಣ

ನೀಲಿ ಇದ್ದರೆ ಸರಿ. ಹಳದಿ ನಾಲಿಗೆ ಚಾಚಿ ಪಾತ್ರೆಯ ತಳಕ್ಕೆ ಮಸಿ ಹಿಡಿದರೆ, ಗ್ಯಾಸಿಗೆ ಸಾಕಷ್ಟು ಗಾಳಿ ಸೇರುತ್ತಿಲ್ಲ. ಆಗ ಇಂಗಾಲದ ಮೊನಾಕ್ಸೈಡ್ ಎಂಬ ವಿಷಗಾಳಿ ಜಾಸ್ತಿ ಹುಟ್ಟುತ್ತದೆ. ನಮ್ಮ ಮೂರನೇ ಬರ್ನರ್ ಹೀಗೇ ಹಳದಿ ಉರಿಯುತ್ತಿತ್ತು. ರಿಪೇರಿಗೆ ಬಂದವರು ಒಲೆಯೇ ಬದಲಿಸಬೇಕು ಎಂದು ಹೇಳಿ ಹೋದರು. ನನಗೆ ಸಮಾಧಾನ ಆಗಲಿಲ್ಲ. ರೆಗ್ಯುಲೇಟರ್ ಬಂದ್ ಮಾಡಿ, ಬರ್ನರ್ ತೆಗೆದು, ಒಲೆಯನ್ನು ಬೋರಲು ಹಾಕಿ ಟಾರ್ಚ್ ಬಿಟ್ಟೆ. ಗ್ಯಾಸೂ ಗಾಳಿಯೂ ಕೂಡುವ ಕೊಳವೆಯ ಬಾಯಲ್ಲಿ ಕೆಂಪು ಮಣ್ಣಿನ ಗೂಡು! ಕುಂಬಾರಹುಳ ಮನೆ ಕಟ್ಟಿತ್ತು. ಹಿಡಿಕಡ್ಡಿಯಲ್ಲಿ ಚುಚ್ಚಿದಾಗ ಒಣಗಿದ ಜೇಡಗಳು ಉದುರಿದವು. ಉಜ್ಜಿ ತೊಳೆದು ಒಣಗಿಸಿ ಹಾಕಿದ ಮೇಲೆ ನೀಲಿ ಉರಿ ಬಂತು. ದಿನಾ ಬಳಸದ ಬರ್ನರ್ ಇದ್ದರೆ ವಾರಕ್ಕೊಮ್ಮೆ ಹೊತ್ತಿಸಿ ನೋಡಿ.

ಉರಿಯುವ ಹೊತ್ತು ಕಡಿಮೆ ಮಾಡಿ

ಕುಚ್ಚಲಕ್ಕಿಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ಒಂದು ಹದ ಕುದಿಸಿ ಥರ್ಮಲ್ ಕುಕ್ಕರಿನೊಳಗೆ ಇಟ್ಟುಬಿಟ್ಟರೆ ಉಳಿದದ್ದು ಬೆಂಕಿ ಇಲ್ಲದೆಯೇ ಬೇಯುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಈ ಪೆಟ್ಟಿಗೆ ಇದ್ದೇ ಇದೆ. ಗ್ಯಾಸ್ ಉಳಿಯಲಿ ಎಂದು ತಂದದ್ದು ಗಾಳಿಗೂ ಉಪಕಾರ. ನೀರು ಕಾಯಿಸಲು ಕರೆಂಟಿನ ಕೆಟಲ್ ಸಾಕು. ಇಂಡಕ್ಷನ್ ಒಲೆಯಲ್ಲಿ ಜ್ವಾಲೆ ಇಲ್ಲ, ಹಾಗಾಗಿ ನೈಟ್ರೋಜನ್ ಡೈಆಕ್ಸೈಡ್ ಇಲ್ಲ. ಬೀಡಿನ ಕಾವಲಿ ಅದರಲ್ಲಿ ಕಾಯುತ್ತದೆ, ಆದರೆ ಅಂಚಿಗೆ ಬಿಸಿ ಸರಿಯಾಗಿ ತಲುಪದೆ ನೀರುದೋಸೆ ಮುನಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಕರೆಂಟನ್ನು ನಂಬಿ ಗ್ಯಾಸ್ ಬಿಡುವ ಧೈರ್ಯ ನನಗಂತೂ ಇಲ್ಲ. ಎರಡೂ ಇರಲಿ. ಒಗ್ಗರಣೆಯ ಹೊಗೆ, ಹುರಿಯುವ ಎಣ್ಣೆಯ ಹೊಗೆ ಯಾವ ಒಲೆಯಾದರೂ ಏಳುತ್ತದೆ. ಇಂಡಕ್ಷನ್ ತಂದೆ ಎಂದು ಫ್ಯಾನ್ ಮರೆಯಬೇಡಿ.

ಬಚ್ಚಲಿನ ಒಲೆ

ಗ್ಯಾಸಿನ ಬಗ್ಗೆ ಇಷ್ಟು ತಲೆಕೆಡಿಸಿಕೊಂಡು ಬಚ್ಚಲಿನ ಹಂಡೆಯ ಕೆಳಗೆ ಹಸಿ ಮಡಲು ತುರುಕುವ ಮನೆಗಳೂ ನಮ್ಮಲ್ಲಿವೆ. ನಿಜ ಹೇಳಬೇಕೆಂದರೆ ನಿಮ್ಮ ಮನೆಯ ಅತಿ ಕೆಟ್ಟ ಗಾಳಿ ಅಲ್ಲಿಂದಲೇ ಬರುತ್ತಿರಬಹುದು. ಹೊಗೆಕೊಳವೆ ಮಾಡಿಗಿಂತ ಮೇಲೆ ಹೋಗಲಿ. ಗೆರಟೆ, ಸಿಪ್ಪೆಯನ್ನು ಮೇ ತಿಂಗಳಲ್ಲೇ ಒಣಗಿಸಿ ಕೊಟ್ಟಿಗೆಯೊಳಗೆ ಇಡಿ. ಬೆಂಕಿ ಹಿಡಿಸಲು ಪ್ಲಾಸ್ಟಿಕ್ ತೊಟ್ಟೆ ಹಾಕುವ ಅಭ್ಯಾಸವನ್ನು ಇವತ್ತೇ ಬಿಡಿ.

ಎರಡು ಕಡೆ ಎಚ್ಚರ

ಗ್ಯಾಸ್ ಸೋರಿದ ವಾಸನೆ ಬಂದರೆ ಫ್ಯಾನ್ ಹಾಕಬಾರದು. ಸ್ವಿಚ್ಚಿನ ಕಿಡಿಯೇ ಸಾಕು. ಮೇಲಾಗಿ ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಅದು ನೆಲದಲ್ಲಿ ಮಲಗಿರುತ್ತದೆ, ಮೇಲಿನ ಫ್ಯಾನಿಗೆ ಸಿಗುವುದೇ ಇಲ್ಲ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.

ಮತ್ತೊಂದು ಗ್ಯಾಸ್ ಗೀಸರ್. ಇದನ್ನು ಬಚ್ಚಲಿನ ಒಳಗೆ ಕೂರಿಸುವುದೇ ತಪ್ಪು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿದರೆ ಮೊನಾಕ್ಸೈಡ್ ತುಂಬುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ತಿರುಗಿ ಬೀಳುವವರೆಗೆ ಗೊತ್ತೇ ಆಗುವುದಿಲ್ಲ. ಗೀಸರನ್ನು ಹೊರಗೋಡೆಗೆ, ಮಳೆ ತಾಗದ ಹಾಗೆ ಕೂರಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ.