ಟೊಮೆಟೊ ಗೂಡಿನಲ್ಲಿ ಹೂವು ತಣಿಸಿದ ಕಥೆ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೋಗುತ್ತದೆ ಎನ್ನುತ್ತಾರೆ. 2023ರಲ್ಲಿ ಅದು ಹೇಳದೆ ಕೇಳದೆ ಮೊದಲೇ ಹೋಯಿತು. ದೇಶದ ಸರಾಸರಿ ಗರಿಷ್ಠ ತಾಪಮಾನ 1901ರಿಂದೀಚೆಗಿನ ಫೆಬ್ರವರಿಗಳಲ್ಲೇ ಹೆಚ್ಚು ದಾಖಲಾದ ತಿಂಗಳು ಅದು. ಮೈಸೂರಿನ ನಮ್ಮ ಮನೆಯಲ್ಲಿ ಮಗನ ನಿಶ್ಚಿತಾರ್ಥವೂ ಆ ತಿಂಗಳೇ.

ಒಂದು ಹೂವನ್ನೂ ಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದೆ. ಹಿತ್ತಲಿನ ಜರ್ಬೆರಾ, ಡೇರೆ, ಗುಲಾಬಿ, ಗ್ಲಾಡಿಯೋಲಸ್ ಕೊಯ್ದು ಬೆಳಿಗ್ಗೆ ಏಳಕ್ಕೆ ಹನ್ನೊಂದು ಹೂದಾನಿ ಜೋಡಿಸಿದೆ. ಹನ್ನೆರಡರ ಹೊತ್ತಿಗೆ ಜರ್ಬೆರಾ ಕತ್ತು ಮುರಿದಂತೆ ನೇತಾಡುತ್ತಿತ್ತು. ಡೇರೆಯ ಹೊರ ಎಸಳುಗಳು ನೆನೆದ ಕಾಗದದಂತೆ ಮೆತ್ತಗಾಗಿದ್ದವು. ಓರಗಿತ್ತಿ ನನ್ನ ಮುಖ ನೋಡಿ, “ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ತರಿಸಿಬಿಡೋಣ” ಎಂದಳು. ಎರಡು ಸಾವಿರದ ಮೇಲೆ ಹೋಯಿತು. ದುಡ್ಡಿಗಿಂತ ಹಟ ಮುರಿದದ್ದೇ ಹೆಚ್ಚು ನೋವಾಯಿತು.

ಮುಂದಿನ ಬೇಸಿಗೆಯೆಲ್ಲ ಹೂದಾನಿಯ ನೀರಿಗೆ ಏನು ಹಾಕಿದರೆ ಹೂವು ಬಾಡದು ಎಂಬುದರ ಹಿಂದೆ ಬಿದ್ದೆ. ತಾಮ್ರದ ನಾಣ್ಯದಿಂದ ಏನೂ ಆಗಲಿಲ್ಲ. ಆಸ್ಪಿರಿನ್ ಹಾಕಿದ್ದಕ್ಕೂ ಹಾಕದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ಎಳನೀರು ಹಾಕಿದ ಹೂದಾನಿ ಮರುದಿನವೇ ನಾರಿತು. ಬರೀ ಸಕ್ಕರೆ ಹಾಕಿದಾಗಲೂ ಅದೇ ಗತಿ. ಸಕ್ಕರೆಯ ಜೊತೆಗೆ ನಿಂಬೆರಸವೂ ಎರಡು ಹನಿ ಬ್ಲೀಚೂ ಇದ್ದರೆ ನೀರು ತಿಳಿಯಾಗಿ ಉಳಿಯುತ್ತದೆ, ಆದರೆ ಬಿಸಿಲಿನ ಏಟಿಗೆ ಅದು ಮದ್ದಲ್ಲ. ಕೊಯ್ದ ಹೂವಿನ ಮೈಯಲ್ಲೇ ತೋಟದ ಬಿಸಿ ಉಳಿದಿರುತ್ತದೆ. ಅದನ್ನು ಇಳಿಸದೆ ಜೋಡಿಸಲು ಕೂತದ್ದೇ ನನ್ನ ತಪ್ಪು.

ಫ್ರಿಜ್‌ನಲ್ಲಿಟ್ಟೆ. ಪಕ್ಕದಲ್ಲೇ ಹಣ್ಣಾದ ಸಪೋಟ, ಬಾಳೆ ಇದ್ದವು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಹೂವಿಗೆ ಆಗದು ಎಂದು ಗೊತ್ತಿದ್ದೂ ಮರೆತಿದ್ದೆ. ಜಾಗ ಸಾಲದೆ ಗ್ಲಾಡಿಯೋಲಸ್ ಮಲಗಿಸಿದೆ. ಬೆಳಗಾಗುವಷ್ಟರಲ್ಲಿ ತುದಿಗಳೆಲ್ಲ ಕೊಕ್ಕೆಯಂತೆ ಮೇಲಕ್ಕೆ ಬಾಗಿದ್ದವು. ಆ ಹೂವನ್ನು ನಿಲ್ಲಿಸಿಯೇ ಇಡಬೇಕು.

ಕೊನೆಗೆ ಕೈ ಹಿಡಿದದ್ದು ತರಕಾರಿಗೆಂದು ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ರೂಪಿಸಿದ ಇಟ್ಟಿಗೆ-ಮರಳಿನ ಗೂಡು. ಗಾರೆಯಿಲ್ಲದ ಎರಡು ಸುತ್ತು ಗೋಡೆ, ನಡುವೆ ಮೂರು ಬೆರಳಗಲ ಒದ್ದೆ ಮರಳು, ಮೇಲೆ ಒದ್ದೆ ಗೋಣಿತಾಟು; ಆ ನೀರು ಗಾಳಿಗೆ ಆರುವಾಗ ಒಳಗೆ ತಂಪಾಗುತ್ತದೆ. ನನ್ನದು ಸಣ್ಣದು; ಒಳಗೆ ಎರಡು ಬಕೆಟ್ ನಿಲ್ಲುತ್ತವೆ, ಆಳ ಮೂರಡಿ. ಹಳೆಯ ಇಟ್ಟಿಗೆ ಮುನ್ನೂರು ಚಿಲ್ಲರೆ, ಮರಳು, ಆಳಿನ ಅರ್ಧ ದಿನದ ಕೂಲಿ ಎಲ್ಲ ಸೇರಿ ಎರಡೂವರೆ ಸಾವಿರದ ಆಸುಪಾಸು. “ಟೊಮೆಟೊ ಇಡುವ ಗೂಡಿನಲ್ಲಿ ಗುಲಾಬಿಯೇ?” ಎಂದು ತೋಟದ ಗೆಳತಿಯರು ನಕ್ಕರು. ಮೊದಲ ವಾರ ನಗುವಂತೆಯೇ ಇತ್ತು, ಏಕೆಂದರೆ ಕಾಂಪೌಂಡಿನ ಮೂಲೆಯಲ್ಲಿ, ಗಾಳಿಯಾಡದ ಕಡೆ ಕಟ್ಟಿಸಿದ್ದೆ. ಬಿಚ್ಚಿಸಿ ಮಾವಿನ ನೆರಳಿಗೆ, ಗಾಳಿಯ ದಾರಿಗೆ ತಂದೆ. ಹೊರಗೆ 34 ಡಿಗ್ರಿ ಇದ್ದ ಮಧ್ಯಾಹ್ನ ಒಳಗೆ 23 ತೋರಿಸಿತು. ಆ ದಿನ ತಾಪಮಾಪಕವನ್ನು ಮೂರು ಸಲ ಹೊರತೆಗೆದು ನೋಡಿದೆ.

ಈಗ ಸಂಜೆ ಗಿಡಕ್ಕೆ ತುಂಬ ನೀರು ಕೊಟ್ಟು, ನಸುಕಿನಲ್ಲಿ ಕೊಯ್ದು, ನೀರಿನೊಳಗೇ ತುದಿ ಕತ್ತರಿಸಿ, ಒಂದು ಹಗಲು ಒಂದು ರಾತ್ರಿ ಗೂಡಿನಲ್ಲಿ ನಿಲ್ಲಿಸುತ್ತೇನೆ. ಜರ್ಬೆರಾಕ್ಕೆ ಎರಡೇ ಅಂಗುಲ ನೀರು. ಹೆಚ್ಚಾದರೆ ಕಾಂಡ ಕೊಳೆಯುತ್ತದೆ. ಅದರ ಕತ್ತು ನೆಟ್ಟಗೆ ನಿಲ್ಲಿಸುವ ಇನ್ನೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮಂಗಳೂರಿನ ನಾದಿನಿಯೂ ಇಂಥದೇ ಗೂಡು ಕಟ್ಟಿಸಿದಳು. ಅಲ್ಲಿನ ತೇವದ ಗಾಳಿಯಲ್ಲಿ ಎರಡು ಮೂರು ಡಿಗ್ರಿಯೂ ಇಳಿಯಲಿಲ್ಲ. ಇದು ಒಣ ಬಿಸಿಲಿನ ಊರಿಗಷ್ಟೇ.

ಕಳೆದ ಮಾರ್ಚಿನಲ್ಲಿ ತಂಗಿಯ ಮಗಳ ಸೀಮಂತ. ಒಂಬತ್ತು ಹೂದಾನಿ, ಎಲ್ಲ ಹಿತ್ತಲಿನದೇ. ಡೇರೆ ಎರಡು ದಿನ ನಿಂತಿತು, ಅದರ ಹಣೆಬರಹವೇ ಅಷ್ಟು. ಗುಲಾಬಿ ನಾಲ್ಕು, ಜರ್ಬೆರಾ ಆರು, ಸುಗಂಧರಾಜ ವಾರದ ತನಕ ಮೊಗ್ಗು ಬಿರಿಯುತ್ತಲೇ ಇತ್ತು. ಓರಗಿತ್ತಿ ಹೊರಡುವಾಗ ಗೂಡಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದಳು.