ಡಾರ್ಕ್‌ರೂಮ್ ಬಾಡಿಗೆಗೆ ಕೊಡಬೇಕೆಂದರೆ ಮೊದಲು ನಲ್ಲಿ ತಿರುಗಿಸಿ ನೋಡಿ

ಡಾರ್ಕ್‌ರೂಮ್, ಅಂದರೆ ಫಿಲ್ಮ್ ತೊಳೆದು ಪ್ರಿಂಟ್ ಹಾಕುವ ಕತ್ತಲೆ ಕೋಣೆ ಮಾಡಿ ಬಾಡಿಗೆಗೆ ಕೊಡೋಣ ಅಂತ ಬರುವವರೆಲ್ಲ ನನ್ನನ್ನು ಕೇಳುವುದು ನೆಗೆಟಿವ್‌ನಿಂದ ಪೇಪರ್ ಮೇಲೆ ದೊಡ್ಡ ಚಿತ್ರ ಬೀಳಿಸುವ ಹಳೇ ಎನ್‌ಲಾರ್ಜರ್ ಎಲ್ಲಿ ಸಿಗುತ್ತದೆ ಅಂತ. ಅದು ಹೇಗೋ ಸಿಗುತ್ತದೆ. ಮುಚ್ಚಿದ ಸ್ಟುಡಿಯೋಗಳ ಅಟ್ಟದ ಮೇಲೆ ಇನ್ನೂ ಎಷ್ಟೋ ಇವೆ. ಅದಕ್ಕಿಂತ ಮೊದಲು ನೀವು ನೋಡಿಟ್ಟಿರುವ ಮನೆಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ ನಲ್ಲಿ ಕೆಳಗೆ ಕೈ ಒಡ್ಡಿ. ಚಿತ್ರ ಮೂಡಿಸುವ ಕೆಮಿಕಲ್ ಆದ ಡೆವಲಪರ್‌ಗೆ ಬೇಕಾದದ್ದು 20 ಡಿಗ್ರಿ ಸೆಲ್ಸಿಯಸ್. ದಾವಣಗೆರೆಯ ಬೇಸಿಗೆಯಲ್ಲಿ ತಾರಸಿ ಟ್ಯಾಂಕಿನ ನೀರು ಕೈ ಚುರುಗುಟ್ಟಿಸುತ್ತದೆ.

ಇಲ್ಲಿನ ವಿನೋಬನಗರದಲ್ಲಿ ನಾನು ಡಾರ್ಕ್‌ರೂಮ್ ಶುರು ಮಾಡಿದ ಮೊದಲ ಬೇಸಿಗೆಯಲ್ಲೇ ಪೆಟ್ಟು ತಿಂದೆ. ಒಬ್ಬ ಹುಡುಗ ಅಜ್ಜಿಯ ಫೋಟೊ ಇದ್ದ ರೀಲು ತಂದಿದ್ದ. ಡೆವಲಪರ್ ತಣ್ಣಗಿಟ್ಟಿದ್ದೆ, ತೊಳೆಯಲು ಮಾತ್ರ ನೇರ ನಲ್ಲಿ ನೀರು ಬಿಟ್ಟೆ. ನೆಗೆಟಿವ್ ಬೆಳಕಿಗೆ ಹಿಡಿದರೆ ಚಿತ್ರ ಹಿಡಿದಿಡುವ ಎಮಲ್ಷನ್ ಪದರ ಸುಕ್ಕಾಗಿ, ಒಣಗಿದ ಕೆರೆಯ ಅಂಗಳದ ಹಾಗೆ ಬಿರುಕು ಬಿರುಕಾಗಿತ್ತು. ದುಡ್ಡು ವಾಪಸ್ ಕೊಟ್ಟೆ. ಅಜ್ಜಿಯ ಮುಖ ಕೊಡಲು ಆಗಲಿಲ್ಲ.

ಅಂದಿನಿಂದ ಎರಡು ದೊಡ್ಡ ಮಣ್ಣಿನ ಮಡಕೆ ಇಟ್ಟಿದ್ದೇನೆ. ರಾತ್ರಿ ತುಂಬಿಸಿಟ್ಟರೆ ನಮ್ಮ ಒಣಹವೆಗೆ ನೀರು ಚೆನ್ನಾಗಿ ತಣಿಯುತ್ತದೆ. ಉಳಿದದ್ದಕ್ಕೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಐಸ್. ಅದನ್ನು ಹೊರಗಿನ ದೊಡ್ಡ ಟ್ರೇ ನೀರಲ್ಲಿ ಇಡಿ, ಕೆಮಿಕಲ್ ಒಳಗೆ ಐಸ್ ಹಾಕಬೇಡಿ, ಕರಗಿ ತೆಳುವಾಗುತ್ತದೆ. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಚಿತ್ರವನ್ನು ಕಾಯಂ ಮಾಡುವ ಹೈಪೋ, ತೊಳೆಯುವ ನೀರು ನಾಲ್ಕೂ ಒಂದೇ ಹದದಲ್ಲಿರಲಿ. 20ಕ್ಕೆ ಇಳಿಯದಿದ್ದರೆ ನಾಲ್ಕನ್ನೂ 24ರಲ್ಲಿ ನಿಲ್ಲಿಸಿ, ಡೆವಲಪ್ ಮಾಡುವ ಸಮಯ ಕಡಿಮೆ ಮಾಡಿ. ಬೋರ್‌ವೆಲ್ ನೀರಾದರೆ ಕೊನೆಯ ಸಲ ಜಾಲಾಡಲು ಡಿಸ್ಟಿಲ್ಡ್ ವಾಟರ್ ಬಳಸಿ. ಇಲ್ಲವಾದರೆ ಒಣಗಿದ ಮೇಲೆ ನೆಗೆಟಿವ್ ತುಂಬ ಬಿಳಿ ಚುಕ್ಕೆ.

ಕತ್ತಲೆಯನ್ನು ರಾತ್ರಿ ಪರೀಕ್ಷೆ ಮಾಡಬೇಡಿ, ನಡುಮಧ್ಯಾಹ್ನ ಮಾಡಿ. ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ಕೂತರೆ ಕೀಲಿಕೈ ತೂತು, ಬಾಗಿಲ ಸಂದು, ಎಕ್ಸಾಸ್ಟ್ ಫ್ಯಾನಿನ ಅಂಚು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಆದರೆ ಗಾಳಿ ಬರುವ ದಾರಿ ಮುಚ್ಚಬೇಡಿ, ಹೈಪೋ ವಾಸನೆಯಲ್ಲಿ ಯಾರೂ ಮೂರು ಗಂಟೆ ನಿಲ್ಲಲಾರರು. ಪ್ರಿಂಟ್ ಹಾಕುವಾಗ ಉರಿಸುವ ಕೆಂಪು ಬಲ್ಬಿಗೆ ನಾಣ್ಯದ ಪರೀಕ್ಷೆ ಇದೆ. ಎನ್‌ಲಾರ್ಜರ್ ಬೆಳಕು ತೋರಿಸಿ ತೆಳು ಬೂದು ಬರುವಷ್ಟು ಫೋಟೊ ಪೇಪರ್ ತಯಾರು ಮಾಡಿಕೊಂಡು, ಮೇಲೆ ನಾಣ್ಯ ಇಟ್ಟು, ಕೆಂಪು ಬೆಳಕಲ್ಲಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ಆ ಬಲ್ಬ್ ಬೇಡ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಡಾರ್ಕ್‌ರೂಮ್ ಒಂದರಿಂದಲೇ ಮನೆ ಬಾಡಿಗೆ ಹುಟ್ಟುವುದಿಲ್ಲ. ನನ್ನಲ್ಲಿ ಬಾಡಿಗೆ ಕಟ್ಟುವುದು ಮುಂಭಾಗದ ಫೋಟೊ ತೆಗೆಯುವ ಹಾಲ್. ಮಗುವಿನ ಫೋಟೊ ತೆಗೆಸುವವರು, ಸೀರೆ ವ್ಯಾಪಾರದವರು, ಹರಿಹರ ಕಡೆಯ ಮದುವೆ ಫೋಟೊಗ್ರಾಫರುಗಳು ಗಂಟೆ ಲೆಕ್ಕದಲ್ಲಿ ಹಿಡಿಯುತ್ತಾರೆ. ಹಾಲ್ ಉದ್ದ 20 ಅಡಿ ಬೇಕೇ ಬೇಕು. ನಿಂತವರ ಪೂರ್ತಿ ಫೋಟೊ ಫುಲ್‌ಫ್ರೇಮ್ ಕ್ಯಾಮೆರಾಗೆ 85 ಎಂಎಂ ಲೆನ್ಸ್ ಹಾಕಿ ತೆಗೆಯಲು 15 ಅಡಿ ಹಿಂದೆ ಸರಿಯಬೇಕು, ಅವರ ಬೆನ್ನಿಗೂ ಪರದೆಗೂ ನಡುವೆ 5 ಅಡಿ ಇರಬೇಕು, ಇಲ್ಲವಾದರೆ ನೆರಳು ಪರದೆ ಮೇಲೆ ಬೀಳುತ್ತದೆ. ಹಿಂದಿನ ಪರದೆಯಾಗಿ ಇಳಿಬಿಡುವ ಪೇಪರ್ ರೋಲ್ ಒಂಬತ್ತು ಅಡಿ ಅಗಲ, ಗೋಡೆ ಅಳೆದೇ ಮುಂಗಡ ಕೊಡಿ. ಪಾಲಿಕೆಯ ಲೈಸೆನ್ಸ್, ಕಮರ್ಷಿಯಲ್ ಮೀಟರ್ ಮೊದಲೇ ಮಾಡಿಸಿಕೊಳ್ಳಿ.

ಡಾರ್ಕ್‌ರೂಮನ್ನು ಅರ್ಧ ದಿನದ ಲೆಕ್ಕದಲ್ಲಿ, ಕೆಮಿಕಲ್ ಸೇರಿಸಿಯೇ ಕೊಡಿ. ಗಂಟೆ ಲೆಕ್ಕ ಇಟ್ಟರೆ ಜನ ಅವಸರದಲ್ಲಿ ಹೈಪೋ ಮುಗಿಸಿ, ಸರಿಯಾಗಿ ತೊಳೆಯದೆ ಪ್ರಿಂಟ್ ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಅದು ಹಳದಿ ಬಣ್ಣಕ್ಕೆ ತಿರುಗುತ್ತದೆ. ಹೊಸಬರಾದರೆ ಮೊದಲ ಎರಡು ಸಲ ಪಕ್ಕದಲ್ಲಿ ನೀವೇ ನಿಲ್ಲಿ. ಖಾಲಿ ಪೇಪರ್ ಮೇಲೆ ಮುಖ ಮೂಡುವುದನ್ನು ಮೊದಲ ಸಲ ನೋಡುವಾಗ ಅವರು ಟ್ರೇ ಅಲ್ಲಾಡಿಸುವುದನ್ನೇ ಮರೆಯುತ್ತಾರೆ.

ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ, ಚರಂಡಿಗೆ ಚೆಲ್ಲಬೇಡಿ. ಅದನ್ನು ಕ್ಯಾನಿನಲ್ಲಿ ತುಂಬಿ, ಉಕ್ಕಿನ ನಾರು ಹಾಕಿ ಕೆಲವು ದಿನ ಬಿಡಿ. ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಕೆಸರಾಗಿ ತಳದಲ್ಲಿ ಕೂರುತ್ತದೆ. ನನ್ನಲ್ಲಿ ಅಂಥ ಕೆಸರಿನ ಎರಡು ಡಬ್ಬಿ ತುಂಬಿವೆ.